ಸ್ಪರ್ಶವಿಲ್ಲದ ಕಾಲಿಗೂ ನೋವಿದೆಯೇ?

ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಅಡಿಕೆ ತೋಟದವರೇ ಹೆಚ್ಚು. ಮಳೆಗಾಲ ಬಂತೆಂದರೆ ಇಲ್ಲಿಯ ಹೆಂಗಸರಿಗೆ ಎರಡು ಚಿಂತೆ. ಒಂದು, ಎಷ್ಟು ಹಿಂಡಿದರೂ ಒಣಗದ ಬಟ್ಟೆಯದು. ಇನ್ನೊಂದು, ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತಿದ ಗಂಡಸು ಕ್ಷೇಮವಾಗಿ ಕೆಳಗಿಳಿಯುವುದರದು. ಪಾಚಿ ಕಟ್ಟಿದ ಮರ, ಜಾರುವ ಕಾಲು, ಮೇಲೆ ಗಾಳಿ. ಅವರು ಮನೆಗೆ ಬಂದು "ಕಾಫಿ ಕೊಡೇ" ಎನ್ನುವವರೆಗೆ ಎದೆಯಲ್ಲಿ ಸಮಾಧಾನವಿರುವುದಿಲ್ಲ.

ಮೂರು ವರ್ಷದ ಹಿಂದಿನ ಆಷಾಢದಲ್ಲಿ ನಮ್ಮ ಪಕ್ಕದ ಮನೆಯಾಕೆಯ ಗಂಡ ಕಾಫಿ ಕೇಳಲು ಬರಲಿಲ್ಲ. ಆಕೆಯ ಹೆಸರು ಇಲ್ಲಿ ಬೇಡ. ನನ್ನನ್ನು ಅಕ್ಕಾ ಎಂದು ಕರೆಯುತ್ತಾಳೆ, ಆದ್ದರಿಂದ ತಂಗಿ ಎಂದೇ ಬರೆಯುತ್ತೇನೆ. ತೋಟದಿಂದ ಅವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಬಂದರು. ಬೆನ್ನುಮೂಳೆ ಮುರಿದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಮೂಳೆ ಕೂಡಿತು. ಆದರೆ ಸೊಂಟದಿಂದ ಕೆಳಗೆ ಕಾಲುಗಳು ಅವರ ಮಾತು ಕೇಳಲಿಲ್ಲ.

ಇಷ್ಟನ್ನು ಆ ಮನೆ ಹೇಗೋ ನುಂಗಿಕೊಂಡಿತು. ನುಂಗಲಾಗದೆ ಹೋದದ್ದು ಆಮೇಲೆ ಬಂದದ್ದು.

"ನಾಟಕ ಮಾಡ್ತಾನೇನೋ..."

ಬಿದ್ದು ಆರು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ತಂಗಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಕಣ್ಣು ಕೆಂಪಗಿತ್ತು.

"ಅಕ್ಕಾ, ರಾತ್ರಿಯೆಲ್ಲ ಕಾಲು ಉರೀತದೆ ಅಂತಾರೆ. ಕೆಂಡದ ಮೇಲೆ ಇಟ್ಟ ಹಾಗೆ ಅಂತಾರೆ. ನಾನು ಕಾಲು ಚಿವುಟಿದರೆ ಮಾತ್ರ ಗೊತ್ತೇ ಆಗೋದಿಲ್ಲ. ಮುಟ್ಟಿದ್ದು ಗೊತ್ತಾಗದ ಕಾಲಿಗೆ ಉರಿ ಎಲ್ಲಿಂದ ಬರ್ತದೆ? ಅತ್ತೆ ಮೊನ್ನೆ ಅಂದೇಬಿಟ್ಟರು, 'ನಾಟಕ ಮಾಡ್ತಾನೇನೋ, ಎಲ್ಲರೂ ಹತ್ರ ಕೂತಿರ್ಲಿ ಅಂತ' ಅಂತ. ಅದು ಅವರ ಕಿವಿಗೆ ಬಿತ್ತು. ಆವತ್ತಿಂದ ಮಾತೇ ಆಡ್ತಿಲ್ಲ."

ಅತ್ತೆ ಕೆಟ್ಟವರಲ್ಲ. ಮಗನ ಕಾಲಿಗೆ ಹಿತವಾಗಲಿ ಎಂದು ಹಿಂದಿನ ವಾರವಷ್ಟೇ ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಿದ್ದರು. ಬಿಸಿ ಹೆಚ್ಚಾದದ್ದು ಮಗನಿಗೆ ತಿಳಿಯಲಿಲ್ಲ. ಹಿಮ್ಮಡಿಯ ಮೇಲೆ ಅಂಗೈಯಗಲ ಬೊಬ್ಬೆ ಎದ್ದು, ಅದು ಮಾಗಲು ಎರಡು ತಿಂಗಳು ಹಿಡಿಯಿತು. ಸುಟ್ಟದ್ದು ಗೊತ್ತಾಗದ ಕಾಲು, ಸುಡದೆಯೇ ಉರಿಯುವ ಕಾಲು! ಪಾಪ, ಆ ಮುದುಕಿಗೆ ಅರ್ಥವಾಗುವುದಾದರೂ ಹೇಗೆ?

ತಂಗಿ ಬಂದದ್ದು ಇದನ್ನು ಹೇಳಲು ಮಾತ್ರ ಅಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ಎರಡು ಚಿನ್ನದ ಬಳೆಗಳನ್ನು ತೋರಿಸಿದಳು. "ಪಟ್ಟಣದಲ್ಲಿ ನರಕ್ಕೆ ಇಂಜೆಕ್ಷನ್ ಕೊಡ್ತಾರಂತೆ ಅಕ್ಕಾ. ನರ್ವ್ ಬ್ಲಾಕ್ ಅಂತಾರಂತೆ. ಸಂತೆಯಲ್ಲಿ ಯಾರೋ ಹೇಳಿದರು, ಅದನ್ನ ಹಾಕಿಸಿದರೆ ಎದ್ದು ನಡೀತಾರಂತೆ. ಇದನ್ನ ಮಾರಿಬಿಡ್ತೇನೆ."

ನನಗೂ ತಿಳಿಯದು. ಬೇಡವೆನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಧೈರ್ಯ ಬರಲಿಲ್ಲ. "ಮೊದಲು ಡಾಕ್ಟರನ್ನು ಕೇಳೋಣ, ಆಮೇಲೆ ಬಳೆ" ಎಂದೆ. ಹಾಗೆ ಕೇಳಲು ಹೋದಾಗ ತಿಳಿದದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ತೆರೆದ ಬಾವಿಗೆ ಬಿದ್ದವರು, ತಲೆಯ ಮೇಲಿನ ಹೊರೆ ಸಮೇತ ಮುಗ್ಗರಿಸಿದವರು ನಮ್ಮ ಯಾವ ಊರಿನಲ್ಲಿಲ್ಲ? ಇಂಥ ಮನೆಗಳಲ್ಲಿ ಆರೈಕೆಯ ಭಾರವೆಲ್ಲ ಬೀಳುವುದು ಹೆಂಗಸಿನ ಹೆಗಲಿಗೇ.

ತಂತಿ ತುಂಡಾದ ರೇಡಿಯೋ

ಪಟ್ಟಣದ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಒಬ್ಬ ಲೇಡಿ ಡಾಕ್ಟರು. ಆಪರೇಷನ್ನಿಗೆ ಅರಿವಳಿಕೆ ಕೊಡುವುದನ್ನು ಓದಿ, ಆಮೇಲೆ ನೋವಿನ ಚಿಕಿತ್ಸೆಯಲ್ಲೇ ತರಬೇತಿ ಪಡೆದವರು. ನೋವಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ ಎಂಬುದೇ ನಮಗೆ ಹೊಸ ಸಂಗತಿ. ತಂಗಿಯ ಗಂಡನಿಗೆ ಅವರು ಮೊದಲು ಹೇಳಿದ ಮಾತು ಇದು: "ನಿಮ್ಮ ನೋವು ನಿಜವಾದದ್ದು. ಇದನ್ನು ನಂಬದವರು ಯಾರೇ ಇರಲಿ, ನಾನು ನಂಬುತ್ತೇನೆ."

ಆ ಮನುಷ್ಯ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ತಿಂಗಳುಗಟ್ಟಲೆ ಬಿಗಿಹಿಡಿದದ್ದು ಕಣ್ಣಿನಿಂದ ಹರಿಯಿತು.

ಡಾಕ್ಟರು ನಮಗೆ ಬಿಡಿಸಿ ಹೇಳಿದರು. ನಮ್ಮ ಬೆನ್ನುಮೂಳೆಯೆಂಬುದು ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಅದರ ನಡುವಿನ ಕೊಳವೆಯಲ್ಲಿ ಮಿದುಳಿನಿಂದ ಇಳಿದು ಬರುವುದು ಬೆನ್ನುಹುರಿ. ನಮ್ಮ ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ಅದರಿಂದ ಎಡಕ್ಕೂ ಬಲಕ್ಕೂ 31 ಜೊತೆ ನರಗಳು ಕವಲೊಡೆದು ಮೈಯೆಲ್ಲ ಹರಡುತ್ತವೆ. ಕಾಲಿಗೆ ಮುಳ್ಳು ಚುಚ್ಚಿದರೆ ಸುದ್ದಿ ಈ ದಾರಿಯಲ್ಲೇ ಮಿದುಳಿಗೆ ಹೋಗುತ್ತದೆ. "ಕಾಲು ತೆಗೆ" ಎಂಬ ಆಜ್ಞೆ ಇದೇ ದಾರಿಯಲ್ಲಿ ಕೆಳಗಿಳಿಯುತ್ತದೆ.

"ಹುರಿಗೆ ಪೆಟ್ಟು ಬಿದ್ದಾಗ ದಾರಿ ಕಡಿದುಹೋಗ್ತದೆ. ಆದರೆ ಕೆಳಗಿನಿಂದ ಸುದ್ದಿ ಬರುವುದು ನಿಂತಿತು ಅಂತ ಮೇಲಿನವರು ಸುಮ್ಮನೆ ಕೂತಿರುವುದಿಲ್ಲ" ಎಂದರು ಡಾಕ್ಟರು. "ಹಳೇ ರೇಡಿಯೋ ನೆನಪಿದೆಯಾ? ಸ್ಟೇಷನ್ ತಪ್ಪಿದರೆ ಅದು ಸುಮ್ಮನಿರ್ತಿತ್ತಾ? ಗರಗರ ಅಂತ ಒದರ್ತಿತ್ತು. ಹಾಗೆಯೇ, ಪೆಟ್ಟಾದ ಹುರಿಯೂ ಮಿದುಳೂ ಸೇರಿ ತಾವೇ ಗದ್ದಲ ಎಬ್ಬಿಸ್ತವೆ. ಆ ಗದ್ದಲವೇ ಉರಿ, ಸೆಳೆತ, ಮಿಂಚು ಹೊಡೆದ ಹಾಗಿನ ನೋವು. ಕಾಲು ಉರೀತಿರೋದಿಲ್ಲ. ಕಾಲಿನ ಲೆಕ್ಕ ಬರೆಯುವ ಜಾಗ ಉರೀತಿರ್ತದೆ."

ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದಲ್ಲ ಒಂದು ಬಗೆಯ ದೀರ್ಘಕಾಲದ ನೋವನ್ನು ಅನುಭವಿಸುತ್ತಾರಂತೆ. ನಾಟಕವಾಡುವವರು ಅಷ್ಟು ಜನ ಇರುತ್ತಾರೆಯೇ?

ಒಂದೇ ಮೈ, ಮೂರು ನೋವು

ಡಾಕ್ಟರು ಮುಕ್ಕಾಲು ಗಂಟೆ ಪರೀಕ್ಷೆ ಮಾಡಿದರು. ಹತ್ತಿ ಸವರಿದರು, ಮೊನಚು ತಾಗಿಸಿದರು, ತೋಳು ಎತ್ತಿಸಿದರು. ಕೊನೆಗೆ, "ಇವರಿಗೆ ಒಂದು ನೋವಲ್ಲ, ಮೂರು ನೋವು ಇದೆ. ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ" ಎಂದರು.

ಮೊದಲನೆಯದು ಬಲಭುಜದ ನೋವು. ಕಾಲಿನ ಕೆಲಸವನ್ನೂ ಕೈಯೇ ಮಾಡಬೇಕಾದಾಗ ಭುಜ ಸವೆಯುತ್ತದೆ. ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಬಚ್ಚಲಿಗೆ, ದಿನಕ್ಕೆ ಹತ್ತು ಸಲ ಇಡೀ ಮೈಭಾರವನ್ನು ತೋಳಿನ ಮೇಲೆ ಎತ್ತಬೇಕಲ್ಲ. ಇದು ನಿಮಗೆ ನಮಗೆ ಬರುವಂಥದೇ ಸ್ನಾಯು ಮತ್ತು ಕೀಲಿನ ನೋವು.

ಎರಡನೆಯದು ಹೊಕ್ಕುಳಿನ ಮಟ್ಟದಲ್ಲಿ ಸುತ್ತಲೂ ಬಿಗಿಯಾಗಿ ಹಗ್ಗ ಕಟ್ಟಿದಂಥ ನೋವು. ಪೆಟ್ಟು ಬಿದ್ದ ಜಾಗದಿಂದಲೇ ಹೊರಡುವ ನರಗಳು ಹೊಟ್ಟೆಯನ್ನು ಬಳಸಿ ಮುಂದಕ್ಕೆ ಬರುತ್ತವೆ. ಆ ನರಗಳೂ ಗಾಯಗೊಂಡಿರುವುದರಿಂದ ಈ ಪಟ್ಟಿಯಂಥ ನೋವು.

ಮೂರನೆಯದೇ ಕಾಲಿನ ಉರಿ. ಪೆಟ್ಟಿನ ಜಾಗಕ್ಕಿಂತ ಬಹಳ ಕೆಳಗೆ, ಸ್ಪರ್ಶವಿಲ್ಲದ ಕಡೆ ಕಾಣಿಸಿಕೊಳ್ಳುವಂಥದು. ಎಲ್ಲಕ್ಕಿಂತ ಹಟಮಾರಿ ಇದೇ.

ನರತಡೆ ಎಂದರೇನು?

"ನಿಮ್ಮಲ್ಲಿ ಯಾರಿಗಾದರೂ ಈ ಚಿಕಿತ್ಸೆ ಆಗಿದೆಯಾ?" ಎಂದು ಡಾಕ್ಟರು ಕೇಳಿದಾಗ ನಾವಿಬ್ಬರೂ ತಲೆಯಾಡಿಸಿದೆವು. ಅವರು ನಕ್ಕರು. "ಹಲ್ಲು ಕೀಳಿಸಿಕೊಂಡಿಲ್ವಾ? ದವಡೆಗೆ ಇಂಜೆಕ್ಷನ್ ಕೊಟ್ಟು, ತುಟಿ ದಪ್ಪಗಾದ ಹಾಗೆ ಅನ್ನಿಸಿ, ಅರ್ಧ ದಿನ ಮಾತು ತೊದಲಿಲ್ವಾ? ಅದೇ ನರ್ವ್ ಬ್ಲಾಕ್!"

ಹೌದಲ್ಲ! ಇಷ್ಟು ವರ್ಷ ನಾವು ಕಂಡೂ ಕಾಣದಿದ್ದದ್ದು ಇದೇ. ಸಿಸೇರಿಯನ್ ಹೆರಿಗೆಯ ಮೊದಲು ಬೆನ್ನಿಗೆ ಕೊಡುವ ಇಂಜೆಕ್ಷನ್ನೂ ಇದರ ಹತ್ತಿರದ ನೆಂಟನೇ.

ನರದಲ್ಲಿ ನೋವಿನ ಸುದ್ದಿ ಹರಿಯುವುದು ಸಣ್ಣ ವಿದ್ಯುತ್ತಿನ ಅಲೆಯಾಗಿ. ನರದ ಗೋಡೆಯಲ್ಲಿ ಸೂಕ್ಷ್ಮ ಬಾಗಿಲುಗಳಿದ್ದು, ಅವು ತೆರೆದು ಸೋಡಿಯಂ ಕಣಗಳು ಒಳಕ್ಕೆ ನುಗ್ಗಿದರೆ ಅಲೆ ಮುಂದೆ ಸಾಗುತ್ತದೆ. ಮರಗಟ್ಟಿಸುವ ಔಷಧಿಯನ್ನು ನರದ ಪಕ್ಕದಲ್ಲೇ ಇಟ್ಟರೆ ಆ ಬಾಗಿಲುಗಳು ಸ್ವಲ್ಪ ಹೊತ್ತು ಮುಚ್ಚಿಕೊಳ್ಳುತ್ತವೆ. ಸುದ್ದಿ ಅಲ್ಲೇ ನಿಲ್ಲುತ್ತದೆ. ಲಿಗ್ನೊಕೇನ್ ಎಂಬ ಔಷಧಿಯ ಪ್ರಭಾವ ಒಂದೆರಡು ಗಂಟೆ ಇರುತ್ತದೆ. ಬ್ಯುಪಿವಕೇನ್ ಅದಕ್ಕಿಂತ ಹೆಚ್ಚು ಗಂಟೆ. ಊತ ತಗ್ಗಿಸಲು ಕೆಲವೊಮ್ಮೆ ಸ್ಟೀರಾಯ್ಡ್ ಬೆರೆಸುತ್ತಾರೆ.

ಇದರ ಕಥೆಯೂ ಸ್ವಾರಸ್ಯವಾಗಿದೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯ ಕಣ್ಣಿಗೆ ಕೊಕೇನ್ ಹನಿ ಹಾಕಿ, ರೋಗಿ ಎಚ್ಚರವಾಗಿದ್ದಂತೆಯೇ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಬಹುದೆಂದು ತೋರಿಸಿಕೊಟ್ಟ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಇನ್ನೂ ಸುರಕ್ಷಿತವಾದ ಲಿಗ್ನೊಕೇನನ್ನು ತಯಾರಿಸಿದ. ಅಮೆರಿಕದ ಜಾನ್ ಬೋನಿಕಾ ಎಂಬಾತ ಹೊಟ್ಟೆಪಾಡಿಗೆ ಕುಸ್ತಿ ಆಡುತ್ತಲೇ ವೈದ್ಯನಾದವನು. ಹೆಂಡತಿಯ ಹೆರಿಗೆಯಲ್ಲಿ ಈಥರ್ ಅರಿವಳಿಕೆಯಿಂದ ಆಕೆಯ ಪ್ರಾಣವೇ ಹೋಗುವಂತಾದದ್ದನ್ನು ಕಂಡು, ನರಗಳನ್ನು ಮಾತ್ರ ಮರಗಟ್ಟಿಸುವ ವಿದ್ಯೆಯ ಬೆನ್ನು ಹತ್ತಿದ. ನೋವಿನ ಚಿಕಿತ್ಸೆಯ ಬಗ್ಗೆ 1953ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ನೋವು ರೋಗದ ಬಾಲವಲ್ಲ, ತಾನೇ ಒಂದು ರೋಗವಾಗಬಲ್ಲದು ಎಂಬ ಮಾತಿಗೆ ವೈದ್ಯಲೋಕದಲ್ಲಿ ಬೆಲೆ ಬಂದದ್ದು ಇಂಥವರಿಂದ.

ಇಂಜೆಕ್ಷನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ತಂಗಿ ಕೇಳಿಯೇಬಿಟ್ಟಳು: "ಡಾಕ್ಟರೇ, ಇದನ್ನ ಹಾಕಿಸಿದರೆ ಇವರು ನಡೀತಾರಾ?"

ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆಕೆಯ ಕೈ ಹಿಡಿದುಕೊಂಡು ಹೇಳಿದರು: "ಇಲ್ಲಮ್ಮಾ. ಇದು ನೋವಿನ ಚಿಕಿತ್ಸೆ. ಕಾಲಿಗೆ ಶಕ್ತಿ ತರುವುದಲ್ಲ. ಹಾಗೆ ಹೇಳಿ ದುಡ್ಡು ಕೇಳುವವರು ಯಾರಾದರೂ ಸಿಕ್ಕರೆ ಆ ಬಾಗಿಲಿನಿಂದ ಹಿಂದಕ್ಕೆ ಬಂದುಬಿಡಿ."

ತಂಗಿಯ ಮುಖ ಬಾಡಿದ್ದನ್ನು ನಾನು ಮರೆಯಲಾರೆ. ಆದರೂ ಅವತ್ತು ಕಹಿ ಹೇಳಿದ ಆ ಡಾಕ್ಟರೇ ನಮ್ಮ ಹಿತೈಷಿ ಎಂದು ಈಗ ಅನ್ನಿಸುತ್ತದೆ.

ಮೂರು ನೋವಿಗೂ ಅವರು ಮೂರು ದಾರಿ ಹೇಳಿದರು.

ಭುಜದ ನೋವಿಗೆ ಹೆಗಲೆಲುಬಿನ ಹಿಂದೆ ಸಾಗುವ ನರಕ್ಕೆ ತಡೆ. ಭುಜದ ಕೀಲಿನ ಬಹುಪಾಲು ನೋವಿನ ಸುದ್ದಿ ಒಯ್ಯುವುದು ಆ ನರವೇ. ನೋವು ತಗ್ಗಿದ ದಿನಗಳಲ್ಲಿ ತೋಳಿಗೆ ವ್ಯಾಯಾಮ ಕಲಿಸಿ ಸ್ನಾಯು ಬಲಪಡಿಸಬೇಕು. ಗಾಲಿಕುರ್ಚಿಯ ಎತ್ತರ ಸರಿಪಡಿಸಬೇಕು, ಹಾಸಿಗೆಯಿಂದ ಕುರ್ಚಿಗೆ ಜಾರಿಕೊಳ್ಳಲು ನುಣುಪಾದ ಹಲಗೆ ಇಡಬೇಕು. ಇಂಜೆಕ್ಷನ್ ಕೊಟ್ಟು ವ್ಯಾಯಾಮ ಬಿಟ್ಟರೆ ಒಗ್ಗರಣೆ ಹಾಕಿ ಸಾರನ್ನೇ ಮರೆತಂತೆ!

ಹೊಟ್ಟೆಯ ಸುತ್ತಿನ ನೋವಿಗೆ, ಪಕ್ಕೆಲುಬಿನ ಅಡಿಯಲ್ಲಿ ಸಾಗುವ ನರಗಳಿಗೆ ಪರೀಕ್ಷೆಗಾಗಿ ಒಂದು ಸಲ ತಡೆ. ನೋವು ಇಳಿದರೆ ಆ ನರಗಳೇ ಕಾರಣವೆಂದು ಗೊತ್ತಾಗುತ್ತದೆ, ಮತ್ತೆ ಕೊಡುವುದರಲ್ಲಿ ಅರ್ಥವಿದೆ. ಇಳಿಯದಿದ್ದರೆ ಆ ದಾರಿ ಬಿಡುವುದು. ಅಂದರೆ ಈ ಇಂಜೆಕ್ಷನ್ ಔಷಧಿಯೂ ಹೌದು, ಪರೀಕ್ಷೆಯೂ ಹೌದು.

ಕಾಲಿನ ಉರಿಗೆ? "ಅಲ್ಲಿ ನರತಡೆಯನ್ನು ನೆಚ್ಚಿಕೊಳ್ಳಬೇಡಿ" ಎಂದರು. ಗದ್ದಲ ಏಳುತ್ತಿರುವುದು ಹುರಿ ಮತ್ತು ಮಿದುಳಿನ ಒಳಗೆ. ಕೆಳಗಿನ ನರಕ್ಕೆ ತಡೆ ಹಾಕಿದರೆ ಮೇಲಿನ ಗದ್ದಲ ನಿಲ್ಲುವುದು ಅಪರೂಪ. ಇದಕ್ಕೆ ಮೊದಲು ಕೊಡುವುದು ಪ್ರಿಗಾಬಾಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳು. ಇವು ಸಾಮಾನ್ಯ ನೋವಿನ ಮಾತ್ರೆಗಳಲ್ಲ, ನರದ ಗದ್ದಲ ತಗ್ಗಿಸುವಂಥವು. ಸ್ವಲ್ಪದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ತೂಕಡಿಕೆ, ತಲೆಸುತ್ತು, ಬಾಯಿ ಒಣಗುವುದು, ಮಲಬದ್ಧತೆ ಆಗಬಹುದು. ಗುಣ ಕಾಣಲು ವಾರಗಳೇ ಬೇಕು. ಎರಡು ದಿನಕ್ಕೆ ಬೇಸತ್ತು ಬಿಡಬಾರದು. ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬಾರದು.

ಇನ್ನು ಕೆಲವರಲ್ಲಿ ನೋವಿಗಿಂತ ಸೆಟೆತವೇ ದೊಡ್ಡ ಕಾಟ. ತೊಡೆಗಳೆರಡೂ ಕತ್ತರಿಯಂತೆ ಬಿಗಿದುಕೊಂಡು, ಸ್ವಚ್ಛ ಮಾಡಲು, ಬಟ್ಟೆ ಬದಲಿಸಲು ಆರೈಕೆಯವರಿಗೆ ಸಾಧ್ಯವೇ ಆಗುವುದಿಲ್ಲ. ಅಂಥವರಿಗೆ ತೊಡೆಯ ನರಕ್ಕೆ ಫಿನಾಲ್ ಇಂಜೆಕ್ಷನ್, ಅಥವಾ ಸ್ನಾಯುವಿಗೆ ಬೊಟುಲಿನಂ ಇಂಜೆಕ್ಷನ್ ಕೊಡುವುದುಂಟು. ಇವುಗಳ ಪ್ರಭಾವ ಕೆಲವು ತಿಂಗಳು ಇರುತ್ತದೆ. ಹೇಳಲು ನಾಚಿಕೆಪಟ್ಟು ಈ ತೊಂದರೆಯನ್ನು ಮುಚ್ಚಿಡಬೇಡಿ.

ಆ ದಿನ ಆಸ್ಪತ್ರೆಯಲ್ಲಿ

ನಾನು ಆಪರೇಷನ್ ಥಿಯೇಟರಿನ ಹೊರಗೆ ಎರಡು ಗಂಟೆ ಕಾಯಬೇಕಾದೀತು ಎಂದುಕೊಂಡಿದ್ದೆ. ಇಂಜೆಕ್ಷನ್ನಿಗೆ ಹಿಡಿದದ್ದು ಇಪ್ಪತ್ತು ನಿಮಿಷ! ಅಲ್ಟ್ರಾಸೌಂಡ್ ಯಂತ್ರದ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಲೇ ಔಷಧಿ ಬಿಡುತ್ತಾರಂತೆ. ಗರ್ಭಿಣಿಯರಿಗೆ ಮಗು ತೋರಿಸುವ ಅದೇ ಯಂತ್ರ. ಆಮೇಲೆ ಒಂದೆರಡು ಗಂಟೆ ಮಲಗಿಸಿ ನಾಡಿ, ರಕ್ತದೊತ್ತಡ ನೋಡಿದರು.

ಅಪಾಯವೇ ಇಲ್ಲವೇ? ಇದೆ. ಅದನ್ನೂ ಡಾಕ್ಟರು ಮುಚ್ಚಿಡಲಿಲ್ಲ. ಸೂಜಿ ಹೋದಲ್ಲಿ ರಕ್ತ ಕಟ್ಟಬಹುದು, ಕೀವಾಗಬಹುದು. ಔಷಧಿ ರಕ್ತನಾಳಕ್ಕೆ ಹೋದರೆ ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್‌ಗುಟ್ಟುವುದು, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ಎದೆಯ ಬಳಿ ಕೊಡುವಾಗ ಶ್ವಾಸಕೋಶಕ್ಕೆ ಸೂಜಿ ತಾಗುವ ಸಣ್ಣ ಸಾಧ್ಯತೆ ಉಂಟು. ಆದ್ದರಿಂದಲೇ ಇದು ಆಮ್ಲಜನಕ, ತುರ್ತು ಔಷಧಿ ಎಲ್ಲ ಇರುವ ಆಸ್ಪತ್ರೆಯಲ್ಲಿ, ಕಲಿತವರ ಕೈಯಲ್ಲೇ ಆಗಬೇಕು. ಬೀದಿ ಬದಿಯ ಸಣ್ಣ ಕೋಣೆಯಲ್ಲಿ ಅಲ್ಲ.

ಈಗ ನೀವು ಕೇಳುವುದು ನನಗೆ ಗೊತ್ತು. ಗುಣವಾಯಿತೇ?

ಭುಜದ ನೋವು ಬಹಳ ಇಳಿಯಿತು. ತೋಳೆತ್ತಿ ತಾವೇ ಅಂಗಿ ಹಾಕಿಕೊಳ್ಳುತ್ತಾರೆ. ಹೊಟ್ಟೆಯ ಸುತ್ತಿನ ಬಿಗಿತ ಮೊದಲ ಇಂಜೆಕ್ಷನ್ನಿಗೆ ಸುಮಾರು ಐದು ವಾರ ಅರ್ಧಕ್ಕರ್ಧ ಕಡಿಮೆಯಾಗಿ, ಮತ್ತೆ ಬಂತು. ಎರಡನೆಯ ಸಲವೂ ಹಾಕಿಸಿದರು. ಕಾಲಿನ ಉರಿ ಹೋಗಿಲ್ಲ. ಆದರೆ ಮಾತ್ರೆಯಿಂದ ರಾತ್ರಿ ನಾಲ್ಕೈದು ಗಂಟೆ ನಿದ್ದೆ ಬರುತ್ತದೆ. "ಮೊದಲು ಹತ್ತಕ್ಕೆ ಒಂಬತ್ತು ಇತ್ತು, ಈಗ ಐದು" ಎನ್ನುತ್ತಾರೆ. ಒಂಬತ್ತು ಐದಾಗುವುದು ಎಂಥ ದೊಡ್ಡ ಸಂಗತಿ ಎಂದು, ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಐದಕ್ಕೆ ಒಲೆ ಹಚ್ಚಿದ ಹೆಂಗಸನ್ನು ಕೇಳಬೇಕು.

ನೋವು ದಿಢೀರನೆ ಹೆಚ್ಚಿದರೆ

ಮೈಯ ಒಂದು ಭಾಗಕ್ಕೆ ಸ್ಪರ್ಶವಿಲ್ಲದಿದ್ದಾಗ ಅಲ್ಲಿಯ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಕಾಲಿನ ಉರಿ ಒಮ್ಮೆಲೇ ಏರಿದರೆ ಮಾತ್ರೆ ಹೆಚ್ಚಿಸುವ ಮೊದಲು ನಾಲ್ಕನ್ನು ನೋಡಿ: ಮೂತ್ರ ಕಟ್ಟಿದೆಯೇ, ಅಥವಾ ಮೂತ್ರದಲ್ಲಿ ಸೋಂಕು ಆಗಿದೆಯೇ? ಮಲಬದ್ಧತೆಯೇ? ಪೃಷ್ಠದಲ್ಲೋ ಹಿಮ್ಮಡಿಯಲ್ಲೋ ಹಾಸಿಗೆ ಹುಣ್ಣು ಎದ್ದಿದೆಯೇ? ಕಾಲ್ಬೆರಳಿನ ಉಗುರು ಮಾಂಸದೊಳಗೆ ಬೆಳೆದಿದೆಯೇ?

ಪೆಟ್ಟು ಕುತ್ತಿಗೆಯಲ್ಲಿ ಅಥವಾ ಎದೆಯ ಮೇಲುಭಾಗದ ಮಟ್ಟದಲ್ಲಿ ಆಗಿದ್ದರೆ ಇನ್ನೂ ಎಚ್ಚರ ಬೇಕು. ಅಂಥವರಿಗೆ ಇದೇ ಸಣ್ಣ ಕಾರಣಗಳಿಂದ ರಕ್ತದೊತ್ತಡ ಹಠಾತ್ತನೆ ಏರಬಹುದು. ಸಿಡಿಯುವ ತಲೆನೋವು, ಮುಖ ಕೆಂಪೇರುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು ಇದರ ಗುರುತು. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ, 108ಕ್ಕೆ ಕರೆ ಮಾಡಿ. ಇದು ಪ್ರಾಣಾಪಾಯದ ವಿಷಯ.

ಹೊಸದಾಗಿ ಮೇಲಕ್ಕೇರುವ ನೋವು, ಚೆನ್ನಾಗಿದ್ದ ಕೈಯಲ್ಲಿ ಜೋಮು ಅಥವಾ ನಿಶ್ಶಕ್ತಿ ಬಂದರೂ ತಡಮಾಡಬಾರದು. ಪೆಟ್ಟಾಗಿ ಎಷ್ಟೋ ವರ್ಷದ ಮೇಲೆ ಹುರಿಯೊಳಗೆ ನೀರು ತುಂಬಿದ ಚೀಲ ಬೆಳೆಯುವುದುಂಟು.

ಮನೆಯಾಕೆ ನೆನಪಿಡಬೇಕಾದದ್ದು

1. ಸ್ಪರ್ಶವಿಲ್ಲದ ಕಡೆ ಬಿಸಿನೀರಿನ ಚೀಲ, ಉಪ್ಪಿನ ಶಾಖ, ಬಿಸಿ ಎಣ್ಣೆ ಬೇಡವೇ ಬೇಡ. ಸ್ನಾನದ ನೀರನ್ನೂ ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ನರತಡೆ ಆದ ದಿನ ಮರಗಟ್ಟಿದ ಭಾಗಕ್ಕೂ ಇದೇ ಎಚ್ಚರಿಕೆ.

2. ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕುರ್ಚಿಯಲ್ಲಿದ್ದಾಗ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ ಪೃಷ್ಠದ ಮೇಲಿನ ಭಾರ ಇಳಿಸಲಿ. ದಿನಕ್ಕೆರಡು ಸಲ ಚರ್ಮ ನೋಡಿ. ಕೆಂಪು ಕಲೆ ಮಾಯದಿದ್ದರೆ ಹುಣ್ಣಿನ ಮುನ್ಸೂಚನೆ.

3. ನಾರಿನ ಅಡುಗೆ ಮಾಡಿ. ಬಾಳೆದಿಂಡಿನ ಪಲ್ಯ, ಹುರುಳಿಕಾಯಿ, ಬಸಳೆ, ಮೊಳಕೆ ಕಟ್ಟಿದ ಹೆಸರುಕಾಳು, ಪಪ್ಪಾಯಿ. ನೀರು ಎಷ್ಟು ಕುಡಿಯಬೇಕೆಂದು ಡಾಕ್ಟರನ್ನು ಕೇಳಿ. ಹೊಟ್ಟೆ ಹಗುರಾದರೆ ನೋವೂ ಹಗುರಾಗುತ್ತದೆ.

4. ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿಸಬೇಡಿ. ಮೂತ್ರಪಿಂಡಕ್ಕೂ ಹೊಟ್ಟೆಗೂ ಕೆಡುಕು. ನರದ ಉರಿಗೆ ಅವು ಸಾಮಾನ್ಯವಾಗಿ ನಾಟುವುದೂ ಇಲ್ಲ.

5. ಒಂದು ನೋಟುಪುಸ್ತಕ ಇಡಿ. ನೋವು ಎಲ್ಲಿ, ಯಾವಾಗ, ಹತ್ತಕ್ಕೆ ಎಷ್ಟು, ಯಾವುದರಿಂದ ಹೆಚ್ಚು ಎಂದು ಬರೆಯಿರಿ. ಡಾಕ್ಟರಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ.

6. ನರತಡೆಗೆ ಮುಂಚೆ ಹೇಳಲೇಬೇಕಾದದ್ದು: ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ (ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ), ಔಷಧಿಯ ಅಲರ್ಜಿ, ಜ್ವರ, ಚರ್ಮದ ಹುಣ್ಣು. ಕೇಳಬೇಕಾದದ್ದು: ಯಾವ ನರಕ್ಕೆ, ಎಷ್ಟು ದಿನ ಉಪಶಮನ, ಎಷ್ಟು ಸಲ, ಒಟ್ಟು ಖರ್ಚೆಷ್ಟು?

7. ಯಾರಾದರೂ ಮರದಿಂದ ಬಿದ್ದರೆ ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ, ನೀರು ಕುಡಿಸಲು ಕುತ್ತಿಗೆ ಬಗ್ಗಿಸಬೇಡಿ. 108ಕ್ಕೆ ಕರೆ ಮಾಡಿ, ಬರುವವರೆಗೆ ತಲೆ ಕುತ್ತಿಗೆ ಅಲುಗದಂತೆ ಹಿಡಿದಿರಿ. ಸಾಗಿಸಲೇಬೇಕಾದರೆ ಹಲವರು ಸೇರಿ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೇ ಹೊರಳಿಸಿ ಅಗಲ ಹಲಗೆಯ ಮೇಲೆ ಮಲಗಿಸಿ.

8. ಜಿಲ್ಲಾ ಆಸ್ಪತ್ರೆಯ ಮೂಲಕ ಅಂಗವಿಕಲತೆಯ ಪ್ರಮಾಣಪತ್ರ, ಯು.ಡಿ.ಐ.ಡಿ. ಕಾರ್ಡು ಮಾಡಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವರಿಗೂ ಅನ್ವಯಿಸುತ್ತದೆ.

ಕುರ್ಚಿಯಲ್ಲಿ ಕುಳಿತೇ ಬೆಳಗಿದವರು

ವೇಲೂರಿನ ಡಾ. ಮೇರಿ ವರ್ಗೀಸ್ ಅವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಆಕೆಯ ಕಾಲುಗಳು ಹೋದವು. ಇನ್ನೂ ಮೂವತ್ತು ತುಂಬದ ಹುಡುಗಿ. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದರು. 1966ರಲ್ಲಿ ವೇಲೂರಿನಲ್ಲಿ ಇಂಥ ರೋಗಿಗಳಿಗೆಂದೇ ಪುನರ್ವಸತಿ ಕೇಂದ್ರ ತೆರೆಯಲು ಕಾರಣರಾದರು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಬೆಂಗಳೂರಿನಲ್ಲಿ ಪೋಲಿಯೋಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರಿಗಾಗಿ ಕಟ್ಟಿದ ಸಂಸ್ಥೆಯೂ ಇಂಥದೇ ಛಲದ ಫಲ.

ಎಲ್ಲರೂ ಪದ್ಮಶ್ರೀ ಪಡೆಯಬೇಕಾಗಿಲ್ಲ. ತಂಗಿಯ ಗಂಡ ಈಗ ಜಗಲಿಯಲ್ಲಿ ಕುಳಿತು ಸುಲಿದ ಅಡಿಕೆ ಆರಿಸುತ್ತಾರೆ, ತೋಟದ ಲೆಕ್ಕ ಬರೆಯುತ್ತಾರೆ, ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ.

ಒಂದು ಮಾತು ಉಳಿದಿದೆ. ನೋವಿನ ಆ ಕೆಟ್ಟ ದಿನಗಳಲ್ಲಿ ಅವರು ಹೆಂಡತಿಯ ಹತ್ತಿರ, "ಅವತ್ತೇ ಹೋಗಿಬಿಟ್ಟಿದ್ರೆ ಚೆನ್ನಾಗಿತ್ತು" ಎಂದಿದ್ದರಂತೆ. ಆಕೆ ಅದನ್ನು ಯಾರಿಗೂ ಹೇಳದೆ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಹಾಗೆ ಕಟ್ಟಿಕೊಳ್ಳಬೇಡಿ ಸೋದರಿಯರೇ! ಇಂಥ ಮಾತು ಕಿವಿಗೆ ಬಿದ್ದ ದಿನವೇ ಡಾಕ್ಟರಿಗೆ ತಿಳಿಸಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುವವರಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ. ರೋಗಿ ಮಾತ್ರವಲ್ಲ, ಆರೈಕೆ ಮಾಡುವ ನೀವೂ ಮಾತಾಡಬಹುದು. ಆರು ತಿಂಗಳು ನಿದ್ದೆಗೆಟ್ಟವಳಿಗೆ ಅಳು ಬಂದರೆ ಅದು ತಪ್ಪಲ್ಲ.

ಬಳೆಗಳ ಕಥೆ ಕೇಳುತ್ತೀರಾ? ಒಂದು ಹೋಯಿತು. ಆಪರೇಷನ್ನಿನ ಸಾಲ, ಬಸ್ಸಿನ ಖರ್ಚು, ಔಷಧಿ ಎಂದು. ಇನ್ನೊಂದು ಅವಳ ಕೈಯಲ್ಲೇ ಇದೆ. "ಎರಡನ್ನೂ ಆ ಸಂತೆಯವನ ಮಾತಿಗೆ ಸುರಿದಿದ್ದರೆ ಏನಾಗ್ತಿತ್ತು ಅಕ್ಕಾ" ಎನ್ನುತ್ತಾಳೆ.

ಮೊನ್ನೆ ಅವರ ಮನೆಗೆ ಹೋದಾಗ ಅತ್ತೆ ಮಗನ ಪಕ್ಕದಲ್ಲಿ ಕುಳಿತಿದ್ದರು. ಕಾಲು ಉರಿ ಶುರುವಾಗಿತ್ತೆಂದು ಕಾಣುತ್ತದೆ, ಮಗನ ಹಣೆ ಬೆವರಿತ್ತು. ಆ ಮುದುಕಿ ಶಾಖದ ಗಂಟು ತರಲಿಲ್ಲ. ಹತ್ತಕ್ಕೆ ಎಷ್ಟು ಎಂದೂ ಕೇಳಲಿಲ್ಲ, ಆ ಲೆಕ್ಕ ಅವರಿಗೆ ಬಾರದು. ಸ್ಪರ್ಶವಿರುವ ಅಂಗೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, "ಬಾಳ ನೋಯ್ತದೇನೋ ಮಗಾ?" ಎಂದರು.

"ಹೂಂ, ಅಮ್ಮಾ" ಎಂದರು ಅವರು. ನಂಬಿದ್ದಾರೆಂದು ತಿಳಿದ ಮೇಲೆ ಅಷ್ಟು ಹೇಳಲು ಕಷ್ಟವಾಗಲಿಲ್ಲ.